ತಿಂಡಿಗಾಗಿ ರೈಲು ಹತ್ತುವವರಿಗೆ: ಬೆಂಗಳೂರಿನಿಂದ ಒಂದು ದಿನದ ಪ್ರವಾಸದ ಸಮಗ್ರ ಮಾರ್ಗದರ್ಶಿ

ಎಷ್ಟೋ ಜನ ಭಾನುವಾರ ಎಂಟು ಗಂಟೆಗೆ ಏಳುತ್ತಾರೆ. ಮನೆಯಲ್ಲೇ ಕಾಫಿ, ಜೊತೆಗೆ ಎರಡು ಬ್ರೆಡ್. ಆಮೇಲೆ ಸಿಕ್ಕ ರೈಲು ಹತ್ತಿ ಮಧ್ಯಾಹ್ನದ ಹೊತ್ತಿಗೆ ತುಮಕೂರು ಹತ್ತಿರದ ಕ್ಯಾತಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ಕೇಳುತ್ತಾರೆ. ಬೆಳಗಿನ ಹಬೆ ಹೋಗಿ ಎಷ್ಟೋ ಹೊತ್ತಾಗಿರುತ್ತದೆ. ಆರಿದ ಇಡ್ಲಿ ತಿಂದು "ಅಷ್ಟೇನಿಲ್ಲ ಬಿಡಿ, ಸುಮ್ನೆ ಹೆಸರು" ಅಂತ ವಾಪಸ್ ಬರುತ್ತಾರೆ.

ಇಂಥ ಕಥೆ ಕೇಳಿ ಕೇಳಿ ಸಾಕಾಗಿದೆ. ನಾನೂ ಮೊದಮೊದಲು ಹೀಗೇ ಹೋಗಿ ಹೀಗೇ ಬಂದವನು. ತಪ್ಪು ಇಡ್ಲಿಯದ್ದಲ್ಲ, ಹೊತ್ತಿನದ್ದು. ಎಲ್ಲರೂ ಮೊದಲು ಊರು ಆರಿಸುತ್ತಾರೆ, ಆಮೇಲೆ ರೈಲು ನೋಡುತ್ತಾರೆ, ಕೊನೆಗೆ ತಿಂಡಿ. ಈ ಸಾಲನ್ನು ತಿರುಗಿಸಿ ಹಾಕಬೇಕು.

## ಹಂತ 1: ಊರು ಬೇಡ, ತಿಂಡಿಯ ಹೊತ್ತು ಹಿಡಿಯಿರಿ

ಒಂದು ಚೀಟಿ ತೆಗೆದುಕೊಳ್ಳಿ. ಏನು ತಿನ್ನಬೇಕು ಅಂತ ಬರೆಯಿರಿ. ಅದರ ಪಕ್ಕದಲ್ಲಿ ಅದು ಯಾವಾಗ ಚೆನ್ನಾಗಿರುತ್ತದೆ ಅಂತ ಬರೆಯಿರಿ.

ತಟ್ಟೆ ಇಡ್ಲಿ ಬೆಳಗಿನದು. ಒಂಬತ್ತರೊಳಗೆ ಒಲೆಯ ಮುಂದೆ ಇರಬೇಕು. ಹತ್ತಿಯಂಥ ಇಡ್ಲಿ, ಮೇಲೆ ಒಂದು ಮುದ್ದೆ ಬೆಣ್ಣೆ. ಆ ಬೆಣ್ಣೆ ತಾನಾಗಿ ಕರಗುತ್ತಿದ್ದರೆ ನೀವು ಸರಿಯಾದ ಹೊತ್ತಿಗೆ ಬಂದಿದ್ದೀರಿ. ಮೈಸೂರಿನ ಮೈಲಾರಿ ದೋಸೆಯೂ ಬೆಳಗಿನದೇ, ಆದರೆ ಹತ್ತು ಗಂಟೆಯವರೆಗೂ ತಡೆಯುತ್ತದೆ. ಬಂಗಾರಪೇಟೆಯ ಪಾನಿಪುರಿ ಸಂಜೆಯದು. ಬೆಳಿಗ್ಗೆ ಹೋಗಿ ಅಲ್ಲಿ ಅಲೆದಾಡುವುದರಲ್ಲಿ ಅರ್ಥವಿಲ್ಲ. ಪಲಾವ್, ಬಿರಿಯಾನಿ, ಬಾಡೂಟ ಮಧ್ಯಾಹ್ನಕ್ಕೆ. ಮದ್ದೂರು ವಡೆಗೆ ಹೊತ್ತಿಲ್ಲ, ಬಿಸಿ ಇದ್ದರೆ ಸಾಕು. ಮೈಸೂರು ಪಾಕ್ ಅಲ್ಲೇ ಒಂದು ತುಂಡು ತಿಂದರೂ, ಅದು ಹೆಚ್ಚಾಗಿ ಕಟ್ಟಿಸಿಕೊಂಡು ಬರುವ ಪದಾರ್ಥ.

ಚೀಟಿಯಲ್ಲಿ ಬೆಳಗಿನದು ಒಂದು, ಮಧ್ಯಾಹ್ನದ್ದು ಅಥವಾ ಸಂಜೆಯದು ಒಂದು ಇದ್ದರೆ ಸಾಕು. ಮೂರನೆಯದನ್ನು ಬರೆದಿರಾದರೆ ಹೊಡೆದು ಹಾಕಿ.

## ಹಂತ 2: ಒಂದೇ ಮಾರ್ಗ ಆರಿಸಿ

ಬೆಂಗಳೂರಿನಿಂದ ತಿಂಡಿಗೆಂದು ಹೋಗಲು ಮೂರು ಮಾರ್ಗಗಳಿವೆ. ಮೂರೂ ಬೇರೆ ಬೇರೆ ಹೊತ್ತಿಗೆ ಹೊಂದುತ್ತವೆ.

ತುಮಕೂರು ಮಾರ್ಗ, ಅರ್ಧ ದಿನಕ್ಕೆ. ಮೊದಲ ಸಲ ಹೋಗುವವರು ಇದರಿಂದ ಶುರು ಮಾಡಿ. ತುಮಕೂರಿಗೆ ಸುಮಾರು 70 ಕಿ.ಮೀ. ಕ್ಯಾತಸಂದ್ರ ತುಮಕೂರಿಗೆ ಮುಂಚಿನ ಸ್ಟೇಷನ್. ಎಕ್ಸ್‌ಪ್ರೆಸ್ ರೈಲುಗಳು ಹೆಚ್ಚಾಗಿ ಅಲ್ಲಿ ನಿಲ್ಲುವುದಿಲ್ಲ, ಮೆಮು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲು) ಅಥವಾ ಪ್ಯಾಸೆಂಜರ್ ಹಿಡಿಯಬೇಕು. ಎಕ್ಸ್‌ಪ್ರೆಸ್ಸೇ ಸಿಕ್ಕಿದರೆ ತುಮಕೂರಿಗೆ ಹೋಗಿ ಇಳಿದು ಆಟೋದಲ್ಲಿ ಹಿಂದಕ್ಕೆ ಬನ್ನಿ. ಇಡ್ಲಿ ಮುಗಿಸಿ ಸಿದ್ಧಗಂಗಾ ಮಠಕ್ಕೆ ಹೋಗಬಹುದು. ಮಧ್ಯಾಹ್ನದ ಹೊತ್ತಿಗೆ ಮನೆ.

ಬಂಗಾರಪೇಟೆ ಮಾರ್ಗ, ಮಧ್ಯಾಹ್ನದಿಂದ ರಾತ್ರಿಗೆ. ಇದೂ ಸುಮಾರು 70 ಕಿ.ಮೀ. ಚೆನ್ನೈ ಕಡೆಯ ಮಾರ್ಗ, ಆದ್ದರಿಂದ ರೈಲುಗಳು ಜಾಸ್ತಿ. ಇಲ್ಲಿನ ಪಾನಿಪುರಿಯ ನೀರು ಹಸಿರಲ್ಲ, ಕುಡಿಯುವ ನೀರಿನಷ್ಟೇ ತಿಳಿ. ನೋಡಿ ಸಪ್ಪೆ ಇರಬಹುದು ಅಂದುಕೊಂಡು ಒಂದೇ ಗುಟುಕಿಗೆ ಕುಡಿದವರ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿದ್ದೇನೆ. ಮಕ್ಕಳಿಗೆ ಕೊಡುವ ಮುಂಚೆ ನೀವು ರುಚಿ ನೋಡಿ.

ಮೈಸೂರು ಮಾರ್ಗ, ಇಡೀ ದಿನಕ್ಕೆ. ಸುಮಾರು 138 ಕಿ.ಮೀ. ದಾರಿಯಲ್ಲೇ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ. ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದೂ ಇಲ್ಲೇ. ಅದಕ್ಕೇ ಹಂತ 6ರಲ್ಲಿ ಇದನ್ನೇ ಬಿಡಿಸಿ ಬರೆದಿದ್ದೇನೆ.

ದಾವಣಗೆರೆ ಬೆಣ್ಣೆ ದೋಸೆ? ಧಾರವಾಡದ ವಂದೇ ಭಾರತ್ ರೈಲು ದಾವಣಗೆರೆಯಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಹೋಗಿ ದೋಸೆ, ಮಂಡಕ್ಕಿ, ಮಿರ್ಚಿ ತಿಂದು ರಾತ್ರಿಗೆ ವಾಪಸ್ ಬರಬಹುದು. ಆದರೆ ಏಳೆಂಟು ಗಂಟೆ ಸೀಟಿನಲ್ಲೇ ಕಳೆಯಬೇಕು, ಟಿಕೆಟ್ ದರವೂ ಜಾಸ್ತಿ. ನನ್ನ ಮಟ್ಟಿಗೆ ದಾವಣಗೆರೆ ಒಂದು ರಾತ್ರಿ ಉಳಿಯುವ ಊರು.

## ಹಂತ 3: ವಾಪಸ್ ರೈಲು ಮೊದಲು ಗೊತ್ತು ಮಾಡಿ

ಹೋಗುವುದು ಹೇಗೋ ಆಗುತ್ತದೆ. ಕೆಡುವುದು ಬರುವಾಗ. ಆದ್ದರಿಂದ ವಾಪಸ್ ಬರುವ ರೈಲು ಒಂದು, ಅದು ತಪ್ಪಿದರೆ ಇನ್ನೊಂದು, ಎರಡನ್ನೂ ಚೀಟಿಯಲ್ಲಿ ಬರೆಯಿರಿ. ಆ ಎರಡನೆಯದು ಆ ದಿನದ ಕೊನೆಯ ರೈಲಾಗಿರಬಾರದು.

ಇಲ್ಲಿ ಒಂದು ಗುಟ್ಟಿದೆ. ಈ ಮೂರೂ ಮಾರ್ಗಗಳಲ್ಲಿ ಬೆಳಿಗ್ಗೆ ಜನ ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ, ಸಂಜೆ ತಮ್ಮ ಊರಿಗೆ ಹೋಗುತ್ತಾರೆ. ನೀವು ಅವರಿಗೆ ಎದುರು ಹೋಗುವವರು. ಬೆಳಿಗ್ಗೆ ಬೆಂಗಳೂರು ಬಿಡುವ ಮೆಮುವಿನಲ್ಲಿ ಕಿಟಕಿ ಸೀಟು ಸಿಗುತ್ತದೆ. ಸಂಜೆ ಬಂಗಾರಪೇಟೆಯಿಂದ ಬರುವಾಗಲೂ ಅಷ್ಟೇ. ಆದರೆ ಸಂಜೆ ಐದರ ಮೇಲೆ ಬೆಂಗಳೂರಿನಿಂದ ಬಂಗಾರಪೇಟೆಗೆ ಹೊರಟಿರೋ, ಬಾಗಿಲಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಎರಡು ಮೂರು ಗಂಟೆಗೇ ಹೊರಟುಬಿಡಿ.

ಇದೇ ಗುಟ್ಟಿಗೆ ಇನ್ನೊಂದು ಮುಖವೂ ಇದೆ. ಚಾಮುಂಡಿ ಎಕ್ಸ್‌ಪ್ರೆಸ್ ಹೆಸರು ಕೇಳಿ ಎಷ್ಟೋ ಜನ ಅದರಲ್ಲಿ ಬೆಳಿಗ್ಗೆ ಮೈಸೂರಿಗೆ ಹೋಗಬೇಕು ಅಂದುಕೊಳ್ಳುತ್ತಾರೆ. ಅದು ಬೆಳಿಗ್ಗೆ ಮೈಸೂರಿನಿಂದ ಬಂದು ಸಂಜೆ ಮೈಸೂರಿಗೆ ಹೋಗುವ ರೈಲು. ನಮಗೆ ಪೂರಾ ಉಲ್ಟಾ. ನಮಗೆ ಬೇಕಾದದ್ದು ಚೆನ್ನೈಯಿಂದಲೋ ಹುಬ್ಬಳ್ಳಿಯಿಂದಲೋ ರಾತ್ರಿಯಿಡೀ ಓಡಿ, ಮುಂಜಾನೆ ಬೆಂಗಳೂರಿಗೆ ಬಂದು ಮೈಸೂರಿಗೆ ಹೋಗುವ ಕಾವೇರಿ, ಹಂಪಿಯಂಥ ರೈಲುಗಳು. ಬೆಂಗಳೂರಿನಲ್ಲಿ ಅರ್ಧ ಜನ ಇಳಿದುಬಿಡುತ್ತಾರೆ. ಆದರೆ ದೂರದಿಂದ ಬರುವ ರೈಲು, ತಡ ಆಗಬಹುದು. ಎದ್ದ ತಕ್ಷಣ, ಹಲ್ಲುಜ್ಜುವ ಮುಂಚೆ, ಅದು ಎಲ್ಲಿದೆ ಅಂತ ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ನೋಡಿ. ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಎಚ್ಚರದ ಗುರುತುಗಳು:

- ಕೆಲವು ಮೆಮುಗಳು ಭಾನುವಾರ ಓಡುವುದಿಲ್ಲ. ಹಳಿ ಕೆಲಸ ಇದ್ದರೆ ಮೊದಲು ರದ್ದಾಗುವುದೂ ಇವೇ. ಹಿಂದಿನ ರಾತ್ರಿ ತಪ್ಪದೇ ನೋಡಿ.
- ರೈಲು ಯಾವ ಸ್ಟೇಷನ್ನಿಂದ ಹೊರಡುತ್ತದೆ ಅಂತ ಎರಡು ಸಲ ಓದಿ. ಮೆಜೆಸ್ಟಿಕ್‌ನ ಕೆಎಸ್‌ಆರ್ ಬೇರೆ, ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ಬೇರೆ, ಯಶವಂತಪುರ ಬೇರೆ.
- ಭಾನುವಾರ ನಮ್ಮ ಮೆಟ್ರೋ ಶುರುವಾಗುವುದೇ ಏಳಕ್ಕೆ. ಆರರ ರೈಲಿಗೆ ಮೆಟ್ರೋ ನಂಬಿ ಹೊರಟವರು ಪ್ಲಾಟ್‌ಫಾರ್ಮ್ ನೋಡುವುದೇ ಇಲ್ಲ. ಶನಿವಾರ ಹೋಗಿ, ಇಲ್ಲವೇ ಆಟೋಗೆ ಮೊದಲೇ ಹೇಳಿಡಿ.

ಎಲ್ಲರೂ ಮೆಜೆಸ್ಟಿಕ್‌ಗೇ ಹೋಗಬೇಕಿಲ್ಲ. ತುಮಕೂರಿಗೆ ಯಶವಂತಪುರ, ಬಂಗಾರಪೇಟೆಗೆ ಕೆ.ಆರ್. ಪುರ, ಮೈಸೂರಿಗೆ ಕೆಂಗೇರಿ ಹತ್ತಿರವಾದರೆ ಅಲ್ಲೇ ಹತ್ತಿ. ನಿಮ್ಮ ರೈಲು ಅಲ್ಲಿ ನಿಲ್ಲುತ್ತದೆಯೇ ಅಂತ ಮಾತ್ರ ನೋಡಿಕೊಳ್ಳಿ.

## ಹಂತ 4: ಟಿಕೆಟ್

ಎರಡು ದಾರಿ ಇವೆ, ರಿಸರ್ವೇಷನ್ ಅಥವಾ ಜನರಲ್.

ಮೈಸೂರಿಗೆ ನೇರವಾಗಿ ಹೋಗಿಬರುವವರು, ಜೊತೆಯಲ್ಲಿ ವಯಸ್ಸಾದವರೋ ಮಕ್ಕಳೋ ಇದ್ದರೆ, ಸೆಕೆಂಡ್ ಸಿಟ್ಟಿಂಗ್ ರಿಸರ್ವೇಷನ್ ಮಾಡಿಸಿ. 60 ದಿನ ಮುಂಚಿತವಾಗಿ ಸಿಗುತ್ತದೆ. ಆನ್‌ಲೈನ್‌ನಲ್ಲಿ ತೆಗೆದ ಟಿಕೆಟ್, ಸೀಟುಗಳ ಕೊನೆಯ ಪಟ್ಟಿ (ಚಾರ್ಟ್) ಆದಮೇಲೂ ವೈಟಿಂಗ್ ಲಿಸ್ಟ್‌ನಲ್ಲೇ ಇದ್ದರೆ ತಾನಾಗಿ ರದ್ದಾಗುತ್ತದೆ, ಅದನ್ನು ಹಿಡಿದು ಹತ್ತುವ ಹಾಗಿಲ್ಲ. ವಂದೇ ಭಾರತ್‌ನಲ್ಲಿ ಬುಕ್ ಮಾಡುವವರು ಊಟ ಬೇಡ ಅನ್ನುವ ಆಯ್ಕೆ ಒತ್ತಲು ಮರೆಯಬೇಡಿ. ದೋಸೆ ತಿನ್ನಲು ಹೊರಟು ರೈಲಿನಲ್ಲೇ ಹೊಟ್ಟೆ ತುಂಬಿಸಿಕೊಂಡು ಇಳಿದವರಿದ್ದಾರೆ.

ಬಾಕಿ ಎಲ್ಲಕ್ಕೂ ಜನರಲ್ ಟಿಕೆಟ್ ಸಾಕು. ರೈಲ್ವೆಯ ರೈಲ್‌ಒನ್ ಆ್ಯಪ್‌ನಲ್ಲಿ ತೆಗೆಯಬಹುದು. ಇಲ್ಲಿ ಜನ ಮಾಡುವ ತಪ್ಪುಗಳು ನಾಲ್ಕು.

1. ಬೆಳಿಗ್ಗೆಯೇ ಸಂಜೆಯ ಟಿಕೆಟ್ ತೆಗೆಯುವುದು. 199 ಕಿ.ಮೀ. ಒಳಗಿನ ಜನರಲ್ ಟಿಕೆಟ್ ಕೊಂಡರೆ 3 ಗಂಟೆಯೊಳಗೆ, ಇಲ್ಲವೇ ಆ ಊರಿಗೆ ಹೊರಡುವ ಮೊದಲ ರೈಲಿನಲ್ಲಿ, ಯಾವುದು ತಡವೋ ಅಷ್ಟರೊಳಗೆ ಪ್ರಯಾಣ ಶುರು ಮಾಡಬೇಕು. ಬರುವ ಟಿಕೆಟ್ ಬರುವಾಗಲೇ ತೆಗೆಯಿರಿ.
2. ಮೈಸೂರು ಟಿಕೆಟ್ ತೆಗೆದು ಮದ್ದೂರಿನಲ್ಲಿ ಇಳಿದು ಮತ್ತೆ ಹತ್ತುವುದು. ಇಷ್ಟು ಕಡಿಮೆ ದೂರದ ಟಿಕೆಟ್‌ಗೆ ನಡುವೆ ಇಳಿದು ಮುಂದುವರಿಸುವ ಅವಕಾಶ ಇಲ್ಲ. ಮದ್ದೂರಿಗೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಇನ್ನೊಂದು.
3. ಆರ್ಡಿನರಿ, ಅಂದರೆ ಪ್ಯಾಸೆಂಜರ್ ರೈಲಿನ ಕಡಿಮೆ ದರದ ಟಿಕೆಟ್‌ನಲ್ಲಿ ಎಕ್ಸ್‌ಪ್ರೆಸ್ ಹತ್ತುವುದು. ಆ್ಯಪ್‌ನಲ್ಲಿ ರೈಲಿನ ಬಗೆ ಕೇಳುತ್ತದೆ. ಅನುಮಾನ ಇದ್ದರೆ ಜಾಸ್ತಿ ದರದ್ದನ್ನೇ ತೆಗೆಯಿರಿ. ಸಿಕ್ಕಿಬಿದ್ದರೆ ದಂಡವೇ ಕನಿಷ್ಠ 250 ರೂಪಾಯಿ, ಅದರ ಮೇಲೆ ಟಿಕೆಟ್ ದರದ ವ್ಯತ್ಯಾಸ. ಜನರಲ್ ಟಿಕೆಟ್ ಹಿಡಿದು ರಿಸರ್ವೇಷನ್ ಬೋಗಿಯಲ್ಲಿ ಕೂತರೂ ಟಿಸಿ ಬಿಡುವುದಿಲ್ಲ.
4. ಪ್ಲಾಟ್‌ಫಾರ್ಮ್‌ಗೆ ಹೋದಮೇಲೆ ಆ್ಯಪ್ ತೆರೆಯುವುದು. ಪೇಪರ್‌ಲೆಸ್ ಟಿಕೆಟ್ ಅಲ್ಲಿ ಬರುವುದಿಲ್ಲ. ಹೊರಗಿನಿಂದಲೇ ತೆಗೆದಿರಿ, ಇಲ್ಲವೇ ಸ್ಟೇಷನ್‌ನಲ್ಲಿ ಅಂಟಿಸಿರುವ ಕ್ಯೂಆರ್ ಸ್ಕ್ಯಾನ್ ಮಾಡಿ.

## ಹಂತ 5: ಚೀಲದಲ್ಲಿ ಏನಿರಬೇಕು

ಸ್ಟೀಲ್ ಡಬ್ಬಿ ಎರಡು, ಗಟ್ಟಿ ಮುಚ್ಚಳದ್ದು. ಒಂದು ತುಪ್ಪದ ಸಿಹಿಗೆ, ಇನ್ನೊಂದು ವಡೆಗೆ. ನೀರಿನ ಬಾಟಲಿ. ಹತ್ತು, ಇಪ್ಪತ್ತರ ಚಿಲ್ಲರೆ. ಫೋನ್‌ನಲ್ಲೇ ಹಣ ಕೊಡೋಣ ಅಂದುಕೊಂಡರೂ, ರೈಲು ಹೊರಡುವ ಹೊತ್ತಿಗೆ ವಡೆಯವನ ಮುಂದೆ ನೆಟ್‌ವರ್ಕ್ ಸಿಗುವುದಿಲ್ಲ. ಹಳೇ ಪಂಚೆ ತುಂಡು ಅಥವಾ ಟವೆಲ್, ಹಳೇ ಪೇಪರ್, ಒಂದು ಬಟ್ಟೆ ಚೀಲ. ಜೀರಿಗೆ ಅಥವಾ ಓಮ ಒಂದು ಚಿಟಿಕೆ, ಯಾಕೆ ಅಂತ ಹೇಳಬೇಕಿಲ್ಲ ಅಲ್ವಾ?

ತಿಂಡಿ ಮಾತ್ರ ಮನೆಯಿಂದ ಒಯ್ಯಬೇಡಿ. ಅಮ್ಮನೋ ಅತ್ತೆಯೋ "ದಾರಿಗೆ ಇರಲಿ" ಅಂತ ಚಿತ್ರಾನ್ನ ಕಟ್ಟುತ್ತಾರೆ. ಅದನ್ನು ರಾತ್ರಿ ಊಟಕ್ಕೆ ಮನೆಯಲ್ಲೇ ಇಟ್ಟು ಬನ್ನಿ.

## ಹಂತ 6: ಮೈಸೂರು ದಿನ, ಗಂಟೆ ಗಂಟೆಗೆ

ಹೊರಡುವ ಮುಂಚೆ. ಅರ್ಧ ಲೋಟ ಕಾಫಿ, ಬೇಕಾದರೆ ಒಂದು ಬಾಳೆಹಣ್ಣು. ಅಷ್ಟೇ.

ಬಿಡದಿ ಬಂದಾಗ ಇಳಿಯಬೇಡಿ. ಇಲ್ಲಿನ ತಟ್ಟೆ ಇಡ್ಲಿಯೂ ಹೆಸರುವಾಸಿ, ಬಾಯಲ್ಲಿ ನೀರೂರುತ್ತದೆ. ಆದರೆ ಬಿಡದಿಯಲ್ಲಿ ಇಳಿದರೆ ಮುಂದಿನ ರೈಲು ಬರುವವರೆಗೆ ಕಾಯಬೇಕು, ಮೈಸೂರಿಗೆ ಹೋಗುವಷ್ಟರಲ್ಲಿ ದೋಸೆಯ ಹೊತ್ತು ಮೀರಿರುತ್ತದೆ. ಬಿಡದಿಗೆ ಇನ್ನೊಂದು ಭಾನುವಾರ ಮೆಮುವಿನಲ್ಲಿ ಬನ್ನಿ, ಅರ್ಧ ದಿನದ ಕೆಲಸ.

ಮದ್ದೂರು, ಹೋಗುವಾಗ. ಬುಟ್ಟಿ ಹಿಡಿದವರು "ವಡೇ, ವಡೇ" ಅಂತ ಹತ್ತುತ್ತಾರೆ. ಒಂದು ತೆಗೆದುಕೊಂಡು ಮನೆಮಂದಿಯೆಲ್ಲ ಮುರಿದು ತಿನ್ನಿ. ವಡೆ ಕೊಳ್ಳಲು ಪ್ಲಾಟ್‌ಫಾರ್ಮ್‌ಗೆ ಇಳಿಯಲೇಬೇಡಿ, ರೈಲು ನಿಲ್ಲುವುದು ಒಂದೆರಡು ನಿಮಿಷ. ವಂದೇ ಭಾರತ್‌ನಲ್ಲಿ ಹೋಗುವವರಿಗೆ ಈ ಭಾಗ್ಯ ಇಲ್ಲ, ಅದು ಮದ್ದೂರಿನಲ್ಲಿ ನಿಲ್ಲುವುದಿಲ್ಲ.

ಮೈಸೂರು, ಒಂಬತ್ತು ಹತ್ತರ ಹೊತ್ತಿಗೆ. ಸ್ಟೇಷನ್ ಹೊರಗೆ ಪ್ರೀಪೇಡ್ ಆಟೋ ಸಿಗುತ್ತದೆ. ನೇರ ನಜರ್‌ಬಾದ್‌ಗೆ ಹೋಗಿ. ಅರಮನೆ ನೋಡಿ ಆಮೇಲೆ ತಿನ್ನೋಣ ಅಂದರೆ ಕೆಟ್ಟಿತು. ಮೈಲಾರಿ ಅನ್ನುವ ಹೆಸರಿನಲ್ಲಿ ಒಂದಕ್ಕಿಂತ ಜಾಸ್ತಿ ಹೋಟೆಲ್‌ಗಳಿವೆ. ಯಾವುದು ಅಸಲಿ ಅನ್ನುವ ವಾದಕ್ಕೆ ನಾನು ಬರುವುದಿಲ್ಲ, ಮೈಸೂರಿನವರೇ ಅದನ್ನು ಮುಗಿಸಿಲ್ಲ. ಇದು ಗರಿಗರಿ ದೋಸೆಯಲ್ಲ, ಮೆತ್ತಗಿನದು, ಚಿಕ್ಕದು, ಬೆಣ್ಣೆ ಹಾಕಿದ್ದು. ಮಸಾಲೆ ದೋಸೆಯ ಲೆಕ್ಕದಲ್ಲಿ ನೋಡಿದರೆ ನಿರಾಸೆ ಆಗುತ್ತದೆ. ತಲೆಗೆ ಒಂದು, ತೀರಾ ಮನಸ್ಸಾದರೆ ಎರಡು. ಮೂರನೆಯದನ್ನು ಹೇಳುವಾಗ ಮಧ್ಯಾಹ್ನದ ಊಟ ನೆನಪಿರಲಿ.

ಹನ್ನೊಂದರಿಂದ ಒಂದೂವರೆ. ಈಗ ನಡೆಯಬೇಕು. ಇದನ್ನು ಬಿಟ್ಟವರೇ ಮಧ್ಯಾಹ್ನ ಎಲೆ ಮುಂದೆ ಕೂತು ನಿಟ್ಟುಸಿರು ಬಿಡುವುದು. ಅರಮನೆ ಸುತ್ತ, ದೊಡ್ಡ ಗಡಿಯಾರದ ಕಡೆಯಿಂದ ದೇವರಾಜ ಮಾರುಕಟ್ಟೆಗೆ ಬನ್ನಿ. ಮಾರುಕಟ್ಟೆಯಲ್ಲಿ ಹೂವು, ವೀಳ್ಯದೆಲೆ, ಬಾಳೆಹಣ್ಣು ನೋಡಿ, ಬೆಲೆ ಕೇಳಿ, ಕೊಳ್ಳಬೇಡಿ. ಇನ್ನೂ ಹೊತ್ತಿದೆ.

ಒಂದೂವರೆ. ಮಾಂಸ ತಿನ್ನುವವರಿಗೆ ಮಂಡಿ ಮೊಹಲ್ಲಾದ ಹನುಮಂತು ಪಲಾವ್ ಇದೆ. ಎಲೆ ಊಟ ಬೇಕಾದವರಿಗೆ ಗಾಂಧಿ ಸ್ಕ್ವೇರ್‌ನ ಆರ್‌ಆರ್‌ಆರ್ ಹೋಟೆಲ್ ಇದೆ. ಭಾನುವಾರ ಎರಡರ ಹೊತ್ತಿಗೆ ಇಲ್ಲೆಲ್ಲ ನೂಕುನುಗ್ಗಲು, ಆದ್ದರಿಂದ ಆ ದಿನ ಅರ್ಧ ಗಂಟೆ ಮೊದಲೇ ಹೋಗಿ. ಹೊಟ್ಟೆಯಲ್ಲಿ ದೋಸೆ ಇನ್ನೂ ಕೂತಿದ್ದರೆ ಊಟ ಬಿಟ್ಟು ಮಜ್ಜಿಗೆ ಕುಡಿಯಿರಿ. ಬಲವಂತ ಏನಿಲ್ಲ.

ಮೂರು ಗಂಟೆ. ಈಗ ಕೊಳ್ಳುವ ಕೆಲಸ, ಹಂತ 8 ನೋಡಿ. ನಾಲ್ಕರ ಆಚೀಚೆ ಸ್ಟೇಷನ್.

ಭಾನುವಾರ ಸಂಜೆ ಅರಮನೆಗೆ ದೀಪ ಹಾಕುತ್ತಾರೆ, ಏಳರ ಹೊತ್ತಿಗೆ. ಅದನ್ನು ನೋಡಿಯೇ ಬರುತ್ತೇವೆ ಅನ್ನುವವರು ರಾತ್ರಿಯ ದೂರದ ರೈಲುಗಳನ್ನು ನಂಬಬೇಕು. ಅವುಗಳ ಜನರಲ್ ಬೋಗಿ ಮೈಸೂರಿನಲ್ಲೇ ತುಂಬುತ್ತದೆ. ಮೊದಲೇ ರಿಸರ್ವೇಷನ್ ಇದ್ದರೆ ಮಾತ್ರ ಈ ಆಸೆ ಇಟ್ಟುಕೊಳ್ಳಿ.

## ಹಂತ 7: ಹೋಟೆಲ್ ಹೊರಗೆ ನಿಂತು ನೋಡುವುದು

ಒಳಗೆ ಹೋಗುವ ಮುಂಚೆ ಎರಡು ನಿಮಿಷ ನಿಲ್ಲಿ.

ಇಡ್ಲಿ ಹೋಟೆಲ್ ಆದರೆ ಪಾತ್ರೆಯಿಂದ ತಟ್ಟೆಗೆ ಇಡ್ಲಿ ಎಷ್ಟು ಬೇಗ ಹೋಗುತ್ತದೆ ನೋಡಿ. ಒಲೆಯಿಂದ ಇಳಿಸಿ ಬೇರೆ ಡಬ್ಬಿಯಲ್ಲಿ ತುಂಬಿಟ್ಟಿದ್ದರೆ ಮುಂದಿನ ಹೋಟೆಲ್‌ಗೆ ನಡೆಯಿರಿ. ತಟ್ಟೆ ಇಡ್ಲಿ ಪಾರ್ಸೆಲ್ ಮಾಡಿಸಿಕೊಂಡು ಬೆಂಗಳೂರಿಗೆ ತಂದರೆ ಅದು ಬರೀ ಅಕ್ಕಿ ಹಲಗೆ.

ವಡೆಯನ್ನು ಕೈಯಲ್ಲಿ ಮುಟ್ಟಿ. ಮದ್ದೂರು ವಡೆಯಲ್ಲಿ ರವೆ, ಮೈದಾ, ಅಕ್ಕಿಹಿಟ್ಟಿನ ಜೊತೆ ಈರುಳ್ಳಿ ಜಾಸ್ತಿ ಇರುತ್ತದೆ. ಅಂಚು ಮುರಿದರೆ ಪಟ್ ಅನ್ನಬೇಕು. ಬಗ್ಗಿದರೆ ಹಳೆಯದು. ಪೇಪರ್‌ನಲ್ಲಿ ಎಣ್ಣೆ ದೊಡ್ಡದಾಗಿ ಹರಡಿದರೆ ಕಾಯದ ಎಣ್ಣೆಯಲ್ಲಿ ಕರಿದದ್ದು. ರೈಲಿನಲ್ಲಿ ಮಾರುವ ಎಲ್ಲಾ ವಡೆಯೂ ಆಗ ತಾನೇ ಕರಿದದ್ದಲ್ಲ, ನಾಚಿಕೆ ಬಿಟ್ಟು "ಬಿಸಿ ಇದೆಯಾ ಅಣ್ಣ?" ಅಂತ ಕೇಳಿ.

ಪಾನಿಪುರಿ ಅಂಗಡಿಯಲ್ಲಿ ನೀರಿನ ಪಾತ್ರೆಗೆ ಮುಚ್ಚಳ ಇದೆಯೇ, ಸೌಟಿನಲ್ಲಿ ಹಾಕುತ್ತಾರೋ ಕೈ ಅದ್ದುತ್ತಾರೋ ನೋಡಿ. ಜನ ಇರುವ ಅಂಗಡಿಯಲ್ಲಿ ಪುರಿ ಬೇಗ ಖರ್ಚಾಗುತ್ತದೆ, ಮೆತ್ತಗಾಗಿರುವುದಿಲ್ಲ. ಮಳೆಗಾಲದಲ್ಲಿ ಈ ಮಾರ್ಗವನ್ನು ನಾನು ಕೈಬಿಡುತ್ತೇನೆ.

ಕೊನೆಯದು, ಜಗಳಕ್ಕೆ ಕಾರಣ ಆಗುವುದು: ನಾಲ್ಕು ಜನ ಹೋದರೆ ನಾಲ್ಕು ಪ್ಲೇಟ್ ಹೇಳಬೇಡಿ. ಎರಡು ಹೇಳಿ, ಹಂಚಿ, ಬೇಕಾದರೆ ಮತ್ತೆ ಹೇಳಿ. ಮತ್ತೆ ಹೇಳಿದ್ದು ಬಿಸಿಯಾಗಿಯೇ ಬರುತ್ತದೆ.

## ಹಂತ 8: ಕಟ್ಟಿಸಿಕೊಂಡು ಬರುವುದು

ಕೊಳ್ಳುವುದು ಊರು ಬಿಡುವ ಹೊತ್ತಿಗೆ. ಬೆಳಿಗ್ಗೆ ಕೊಂಡ ಮೈಸೂರು ಪಾಕ್ ಬಿಸಿಲಲ್ಲಿ ನಾಲ್ಕು ಗಂಟೆ ತಿರುಗಿದರೆ ತುಪ್ಪ ಬಿಟ್ಟು ಚೀಲ, ಚೀಲದಲ್ಲಿದ್ದ ಫೋನ್ ಚಾರ್ಜರ್, ಎಲ್ಲವನ್ನೂ ತೋಯಿಸುತ್ತದೆ. ಅನುಭವದ ಮಾತು.

ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆಯ ಅಂಚಿಗೇ ಗುರು ಸ್ವೀಟ್ ಮಾರ್ಟ್ ಇದೆ. ಕ್ಯೂ ಇದ್ದೇ ಇರುತ್ತದೆ, ಇಪ್ಪತ್ತು ನಿಮಿಷ ಎತ್ತಿಡಿ. ಅಂಗಡಿಯ ಪೆಟ್ಟಿಗೆಯನ್ನು ಹಾಗೇ ಚೀಲಕ್ಕೆ ಹಾಕಬೇಡಿ. ಪೇಪರ್ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿ ಕಿಟಕಿಯ ಬಿಸಿಲಿಗೆ ಬೀಳದ ಹಾಗೆ ಇಡಿ.

ಆಮೇಲೆ ಹಣ್ಣು. ನಂಜನಗೂಡು ರಸಬಾಳೆ ಸಿಕ್ಕಿದರೆ ಅದೃಷ್ಟ. ಹೆಸರು ಹೇಳಿ ಬೇರೆ ಹಣ್ಣು ಕೊಡುವವರೂ ಇದ್ದಾರೆ, ಆದ್ದರಿಂದ ಒಂದು ಸುಲಿದು ತಿಂದು ನೋಡಿಯೇ ಡಜನ್ ಹೇಳಿ. ಇದು ಚೀಲದ ತಳಕ್ಕೆ ಹೋಗಬಾರದು, ತೊಡೆಯ ಮೇಲೆ ಬರಬೇಕು. ವೀಳ್ಯದೆಲೆ, ಮಲ್ಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೇಲೆ ಇಡಿ.

ಮದ್ದೂರು ವಡೆ ವಾಪಸ್ ಬರುವಾಗ ಕೊಳ್ಳಿ. ಬಿಸಿ ವಡೆಯನ್ನು ಮುಚ್ಚಿದ ಡಬ್ಬಿಗೆ ಹಾಕಿದರೆ ಬೆವರಿ ಮೆತ್ತಗಾಗುತ್ತದೆ. ರಾಮನಗರ ಬರುವವರೆಗೆ ಪೇಪರ್ ಮೇಲೆ ತೆರೆದಿಡಿ, ಆಮೇಲೆ ಮುಚ್ಚಿ. ಪಕ್ಕದ ಸೀಟಿನವರು ನೋಡುತ್ತಿರುತ್ತಾರೆ, ಅವರಿಗೂ ಒಂದು ಲೆಕ್ಕ ಹಾಕಿಯೇ ಕೊಂಡಿರಿ.

## ಕೆಟ್ಟರೆ ಏನು ಮಾಡುವುದು

ಹೋಗುವ ರೈಲು ಒಂದು ಗಂಟೆಗಿಂತ ಜಾಸ್ತಿ ತಡವಾದರೆ ಮೈಸೂರು ಕೈಬಿಡಿ. ಅಷ್ಟರಲ್ಲಿ ಮೆಮು ಇದ್ದರೆ ಬಿಡದಿಗೆ ಟಿಕೆಟ್ ತೆಗೆದು ತಟ್ಟೆ ಇಡ್ಲಿ ತಿಂದು ಬನ್ನಿ.

ವಾಪಸ್ ರೈಲು ತಪ್ಪಿದರೆ ಗಾಬರಿ ಬೇಡ. ಮೈಸೂರು, ತುಮಕೂರು ಎರಡರಿಂದಲೂ ಬೆಂಗಳೂರಿಗೆ ಕೆಎಸ್‌ಆರ್‌ಟಿಸಿ ಬಸ್ಸುಗಳು ತಡರಾತ್ರಿಯವರೆಗೂ ಸಿಗುತ್ತವೆ. ಬಂಗಾರಪೇಟೆಯಿಂದ ಬಸ್ ಕಡಿಮೆ, ಕೋಲಾರಕ್ಕೆ ಹೋಗಿ ಅಲ್ಲಿಂದ ಹಿಡಿಯಿರಿ.

ಹೊಟ್ಟೆ ಕೆಟ್ಟರೆ ಆ ದಿನದ ತಿನ್ನುವ ಕೆಲಸ ಅಲ್ಲಿಗೇ ನಿಲ್ಲಿಸಿ. ಸ್ಟೇಷನ್ ಹತ್ತಿರದ ಮೆಡಿಕಲ್ ಶಾಪ್‌ನಲ್ಲಿ ಓಆರ್‌ಎಸ್ ತೆಗೆದುಕೊಳ್ಳಿ. ಬರುವಾಗ ಶೌಚಾಲಯ ಇರುವ ಎಕ್ಸ್‌ಪ್ರೆಸ್ ರೈಲನ್ನೇ ಹತ್ತಿ, ಬಾಗಿಲ ಹತ್ತಿರದ ಸೀಟು ಹಿಡಿಯಿರಿ. ಮೈಸೂರು ಪಾಕ್ ಡಬ್ಬಿಯನ್ನು ಬೇರೆಯವರ ಕೈಗೆ ಕೊಡಿ.